14 ವರ್ಷದ ಮೇಲೆ ಮತ್ತೆ ರೈಫಲ್ ಹಿಡಿದೆ, ಗ್ರೂಪ್ ಉದ್ದಕ್ಕೆ ಎಳೆಯುತ್ತಿದೆ

ಮರಳಿಬಂದವ:
ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. 10 ಮೀಟರ್ ಏರ್ ರೈಫಲ್, ನಿಂತು ಹೊಡೆಯೋದು. 14 ವರ್ಷ ಬಿಟ್ಟಿದ್ದೆ, ಮೂರು ತಿಂಗಳಿಂದ ಮತ್ತೆ ಶುರು. ಆಗೆಲ್ಲ ಹತ್ತು ಶಾಟ್‌ಗೆ ನೂರಕ್ಕೆ 96, 97 ಸುಮ್ನೆ ಬರುತ್ತಿತ್ತು. ಈಗ 86 ದಾಟಿದರೆ ಹಬ್ಬ. ಎಲ್ಲ ಕಡೆ ಚದುರಿದ್ದರೆ ಕೈ ಅಲುಗಿತು ಅನ್ನಬಹುದಿತ್ತು. ಹಾಗಲ್ಲ. ಗ್ರೂಪ್ (ಗುರಿ ಕಾರ್ಡ್ ಮೇಲೆ ತೂತುಗಳ ಗುಂಪು) ಅಡ್ಡಕ್ಕೆ ನೀಟಾಗಿದೆ, ಉದ್ದಕ್ಕೆ ಮಾತ್ರ ಎಳೆದ ಹಾಗೆ. 12 ಗಂಟೆ ದಿಕ್ಕಿಗೆ (ಮೇಲೆ) ಒಂದು ಎಂಟು, 6 ಗಂಟೆ ದಿಕ್ಕಿಗೆ (ಕೆಳಗೆ) ಇನ್ನೊಂದು ಎಂಟು, ನಡುವೆ ಎರಡು ಮೂರು ಹತ್ತು. ರೈಫಲ್ ಅದೇ, ಪೆಲೆಟ್ (ಸೀಸದ ಗುಂಡು) ಬ್ರಾಂಡ್ ಅದೇ. ಏನೂ ಬದಲಾಗಿಲ್ಲ. ಯಾರಿಗಾದರೂ ಹೀಗಾಗಿದೆಯಾ?

ಗಾಳಿಗಂಟು:
ಉದ್ದಕ್ಕೆ ಎಳೆದರೆ ಪೆಲೆಟ್ ವೇಗ ಏರುಪೇರು ಅಂತ ಅರ್ಥ. ಗಾಳಿ ಒತ್ತಡ ಒಂದೇ ಸಮ ಇಡೋ ರೆಗ್ಯುಲೇಟರ್ ಹೋಗಿದೆ. 14 ವರ್ಷ ಮೂಲೆಯಲ್ಲಿ ಕೂತ ಓ-ರಿಂಗ್ (ರಬ್ಬರ್ ಉಂಗುರ) ಒಣಗದೆ ಇರುತ್ತಾ? ಕ್ರೋನೋ (ಪೆಲೆಟ್ ವೇಗ ಅಳೆಯೋ ಯಂತ್ರ) ಮೇಲೆ ಹತ್ತು ಶಾಟ್ ಹೊಡೆದು ಅಂಕಿ ಹಾಕಿ, ಆಮೇಲೆ ಮಾತಾಡೋಣ.

ಕಾಗದಹುಲಿ:
ಪೆಲೆಟ್ ಹೆಡ್ ಸೈಜ್ ಎಷ್ಟು, 4.49 ಅಥವಾ 4.50 ಮಿ.ಮೀ.? ಡಬ್ಬಿಯೂ ಹಳೆಯದೇನಾ? ಹಳೇ ಸೀಸಕ್ಕೆ ಬಿಳಿ ಪುಡಿ ಕಟ್ಟಿರುತ್ತೆ. ಬ್ಯಾರೆಲ್‌ಗೆ ಫೆಲ್ಟ್ ಹಾಕಿ ಎಷ್ಟು ದಿನ ಆಯ್ತು?

ಮರಳಿಬಂದವ:
ಡಬ್ಬಿ ಹೊಸದು, 4.50. ಕ್ರೋನೋ ಇಲ್ಲ. ಬ್ಯಾರೆಲ್ ಶುರುವಿನಲ್ಲೇ ಒರೆಸಿದೆ.

ಒಂಬತ್ತೂವರೆ:
ಬ್ಯಾರೆಲ್ ಒರೆಸೋ ಚಟ ಬಿಡಿ. ಏರ್ ರೈಫಲ್‌ನಲ್ಲಿ ಮದ್ದು ಸುಡಲ್ಲ, ಕರಿ ಹಿಡಿಯಲ್ಲ. ನಾನು ವರ್ಷಕ್ಕೊಮ್ಮೆ ಒರೆಸಿದರೆ ಜಾಸ್ತಿ.

ಕಾಗದಹುಲಿ:
ಸೀಸ ಅಂಟಲ್ವಾ? 500 ಶಾಟ್‌ಗೆ ಒಂದು ಸಲ ಫೆಲ್ಟ್ ಹಾಕಿ ನೋಡಿ, ಎಷ್ಟು ಕಪ್ಪಾಗಿ ಬರುತ್ತೆ ಅಂತ.

ಒಂಬತ್ತೂವರೆ:
ಕಪ್ಪಾಗಿ ಬಂದರೇನು, ಕಾರ್ಡ್ ಮೇಲೆ ಹತ್ತೇ ಬೀಳುತ್ತಲ್ಲ!

ಗಾಳಿಗಂಟು:
ಅವರು ಕೇಳಿದ್ದು ಬ್ಯಾರೆಲ್ ಅಲ್ಲ. ರೆಗ್ಯುಲೇಟರ್ ಸೀಟ್ ಸವೆದರೆ ಒತ್ತಡ ನಿಧಾನಕ್ಕೆ ಏರುತ್ತೆ. ಎರಡು ನಿಮಿಷ ಬಿಟ್ಟು ಹೊಡೆದ ಶಾಟ್ ಮೇಲೆ ಹೋಗುತ್ತೆ, ಬೆನ್ನಿಗೇ ಹೊಡೆದದ್ದು ಕೆಳಗೆ. ಇವರ ಕಾರ್ಡ್ ಅಚ್ಚು ಹಾಗೇ ಇದೆ.

ಒಂಬತ್ತೂವರೆ:
ಒಂದು ಲೆಕ್ಕ ಹಾಕೋಣ. ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ 10 ಮೀಟರ್‌ಗೆ ಸುಮಾರು 17 ಮಿ.ಮೀ. ಇಳಿಯುತ್ತೆ. ವೇಗ 5 ಮೀಟರ್ ಕಮ್ಮಿಯಾದರೆ ಇನ್ನೊಂದು ಮಿ.ಮೀ. ಇಳಿಯುತ್ತೆ, ಅಷ್ಟೇ. ಮೇಲೊಂದು ಎಂಟು, ಕೆಳಗೊಂದು ಎಂಟು ಅಂದರೆ ಎರಡು ತೂತುಗಳ ಮಧ್ಯದ ದೂರ ಕನಿಷ್ಠ 10 ಮಿ.ಮೀ. ಬರೀ ವೇಗದಿಂದ ಇದಾಗಬೇಕಾದರೆ 170 ಇದ್ದದ್ದು 135ಕ್ಕೆ ಬೀಳಬೇಕು. ಅಷ್ಟು ಬಿದ್ದರೆ ಸದ್ದಲ್ಲೇ ಗೊತ್ತಾಗುತ್ತೆ, ಕ್ರೋನೋ ಬೇಡ.

ಗಾಳಿಗಂಟು:
ಲೆಕ್ಕ ಪೇಪರ್ ಮೇಲೆ ಚೆನ್ನಾಗಿರುತ್ತೆ. ನಾನು ಬಿಚ್ಚಿ ನೋಡಿದ ರೆಗ್ಯುಲೇಟರ್‌ಗಳು ಬೇರೆ ಕಥೆ ಹೇಳುತ್ತವೆ.

ಮಿಂಚುಸ್ಟಾಕ್:
ನಾನು ಹೋದ ತಿಂಗಳು ಮರದ ಸ್ಟಾಕ್ (ರೈಫಲ್ ಹಿಡಿ) ಬಿಟ್ಟು ಅಲ್ಯೂಮಿನಿಯಂಗೆ ಬಂದೆ. ಕೆನ್ನೆ ಪಟ್ಟಿ ನಾಲ್ಕು ದಿಕ್ಕಿಗೆ ತಿರುಗುತ್ತೆ, ಭುಜಕ್ಕೆ ಒರಗೋ ಬಟ್ ಪ್ಲೇಟ್‌ಗೆ ಮೂರು ಕೀಲು. ತೂಕ ಸೇರಿಸಿ ಸೇರಿಸಿ ಈಗ ಒಟ್ಟು 5.4 ಕೆಜಿ, ನಿಯಮದ ಮಿತಿ 5.5. ಫೋಟೋ ಹಾಕಿದ್ದೇನೆ. ಕೆಂಪು ಬಣ್ಣ ಹೇಗಿದೆ?

ಕಾಗದಹುಲಿ:
ಬಣ್ಣ ಸೂಪರ್. ಕಾರ್ಡ್ ಫೋಟೋನೂ ಹಾಕಿ ಗುರುಗಳೇ.

ಮಿಂಚುಸ್ಟಾಕ್:
ಇನ್ನೂ ಸೆಟ್ಟಿಂಗ್ ನಡೀತಿದೆ.

ಮರಳಿಬಂದವ:
ಮೇಜಿನ ಮೇಲೆ ಮರಳು ಚೀಲ ಇಟ್ಟು ಕೂತು ಹೊಡೆದೆ. ಹತ್ತೂ ಶಾಟ್ ಒಂದೇ ತೂತು, ಕಿರುಬೆರಳಿನ ಉಗುರಿನಷ್ಟು. ಗಾಳಿಗಂಟು ಹೇಳಿದ ಹಾಗೆ ಎರಡೆರಡು ನಿಮಿಷ ಬಿಟ್ಟೂ ಹೊಡೆದೆ. ಅದೇ ತೂತು. ಎದ್ದು ನಿಂತೆ, ಮತ್ತೆ ಉದ್ದಕ್ಕೆ. ಮೊದಲ ಹತ್ತು ಪರವಾಗಿಲ್ಲ, ಇಪ್ಪತ್ತರ ಮೇಲೆ ಜಾಸ್ತಿ.

ಕಾಗದಹುಲಿ:
ಹಾಗಾದರೆ ಉಸಿರು. ಉಸಿರು ಪೂರ್ತಿ ಇಳಿಯೋ ಮುಂಚೆ ಹೊಡೆಯುತ್ತಿದ್ದೀರಿ. ಸುಸ್ತಾದ ಹಾಗೆ ಜಾಸ್ತಿಯಾಗುತ್ತೆ.

ಗಾಳಿಗಂಟು:
ಕ್ರೋನೋ ಅಂಕಿ ಬರೋವರೆಗೆ ನಾನು ಒಪ್ಪಲ್ಲ.

ಒಂಟಿಕಣ್ಣು:
ಒಂದೇ ಪ್ರಶ್ನೆ. ಕನ್ನಡಕ ಇದೆಯಾ? 14 ವರ್ಷದ ಹಿಂದೆ ಇತ್ತಾ?

ಮರಳಿಬಂದವ:
ದೂರದ ಕನ್ನಡಕ ಆಗಲೂ ಇತ್ತು. ಚಾಳೀಸು ಬಂದು ಐದಾರು ವರ್ಷ ಆಯ್ತು, ಈಗ ಹಾಕೋದು ಪ್ರೋಗ್ರೆಸಿವ್. ಈ ವಯಸ್ಸಿಗೆ ಎಲ್ಲರಿಗೂ ಇರೋದೇ ಅಲ್ವಾ ಅಂತ ಬರೆಯಲಿಲ್ಲ.

ಒಂಟಿಕಣ್ಣು:
"ಏನೂ ಬದಲಾಗಿಲ್ಲ" ಅಂದಿರಲ್ಲ ಸ್ವಾಮಿ! ಕಣ್ಣೇ ಬದಲಾಗಿದೆ. ಪ್ರೋಗ್ರೆಸಿವ್ ಗಾಜಿನಲ್ಲಿ ಮೇಲಿಂದ ಕೆಳಕ್ಕೆ ಪವರ್ ಬದಲಾಗುತ್ತಾ ಹೋಗುತ್ತೆ. ಕೂತು ಹೊಡೆದಾಗ ತಲೆ ಒಂದೇ ಕಡೆ ನಿಲ್ಲುತ್ತೆ, ಗಾಜಿನ ಒಂದೇ ಜಾಗದಿಂದ ನೋಡುತ್ತೀರಿ. ನಿಂತಾಗ ತಲೆ ಬಾಗಿ, ತಿರುಗಿ, ಗಾಜಿನ ಮೇಲಿನ ಮೂಲೆಯಿಂದ, ಮೂಗಿನ ಪಕ್ಕದಿಂದ ನೋಡುತ್ತೀರಿ. ಬೆವರಿಗೆ ಕನ್ನಡಕ ಒಂದೆರಡು ಮಿ.ಮೀ. ಜಾರಿದರೆ ಸಾಕು, ಬೇರೆ ಪವರ್. ಮುಂದಿನ ಸೈಟ್ (ಬ್ಯಾರೆಲ್ ತುದಿಯ ರಿಂಗ್) ಕಣ್ಣಿಂದ ಸುಮಾರು ಒಂದು ಮೀಟರ್, ಗುರಿ 10 ಮೀಟರ್. ಯಾವುದು ಚೊಕ್ಕ ಕಾಣುತ್ತೆ ಅನ್ನೋದು ಶಾಟ್‌ನಿಂದ ಶಾಟ್‌ಗೆ ಬದಲಾಗುತ್ತೆ. ರಿಂಗ್ ಮಸುಕಾದರೆ ಗುರಿಯ ಕಪ್ಪು ಅದರ ನಡುವೆ ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು?
ಮುಂದಿನ ರಿಂಗ್ ಸೈಜ್ ಎಷ್ಟು?

ಮರಳಿಬಂದವ:
3.4 ಮಿ.ಮೀ. ಹಳೆಯದೇ.

ಒಂಟಿಕಣ್ಣು:
4.2 ಹಾಕಿ. ಕಪ್ಪಿನ ಸುತ್ತ ಬಿಳಿ ಜಾಸ್ತಿ ಇದ್ದಷ್ಟೂ ಕಣ್ಣಿಗೆ ಸುಲಭ. ಹಿಂದಿನ ಸೈಟ್‌ನ ಐರಿಸ್ (ಕಣ್ಣಿಟ್ಟು ನೋಡೋ ತೂತು) ಸ್ವಲ್ಪ ಕಿರಿದು ಮಾಡಿ, 1.1 ಮಿ.ಮೀ. ಹತ್ತಿರ. ಕನ್ನಡಕ ಒಂದೇ ಪವರ್‌ದು ಬೇಕು: ದೂರದ ನಂಬರ್, ಅದಕ್ಕೆ +0.5 ಸೇರಿಸಿ. ಕಣ್ಣಿನ ಡಾಕ್ಟರ ಹತ್ತಿರ ಹೋದಾಗ "ಒಂದು ಮೀಟರ್ ದೂರದ್ದು ಚೊಕ್ಕ ಕಾಣಬೇಕು, ದೂರದ್ದೂ ಪೂರ್ತಿ ಹೋಗಬಾರದು" ಅಂತ ಬಿಡಿಸಿ ಹೇಳಿ.

ಕಾಗದಹುಲಿ:
ಇನ್ನೊಂದು ಕಣ್ಣು ಮುಚ್ಚುತ್ತೀರಾ? ಮುಚ್ಚಿದರೆ ನೋಡೋ ಕಣ್ಣೂ ಬಿಗಿಯುತ್ತೆ. ಬಿಳಿ ಪಟ್ಟಿ ಕಟ್ಟಿಕೊಳ್ಳಿ.

ಒಂಬತ್ತೂವರೆ:
ಪಟ್ಟಿ 30 ಮಿ.ಮೀ.ಗಿಂತ ಅಗಲ ಇರಬಾರದು. ಸ್ಪರ್ಧೆಯಲ್ಲಿ ಅಳೆಯುತ್ತಾರೆ.

ಕಾಗದಹುಲಿ:
ಅವರು ಸ್ಪರ್ಧೆಗೆ ಹೋಗ್ತೀನಿ ಅಂತ ಎಲ್ಲಿ ಹೇಳಿದರು?

ಮರಳಿಬಂದವ:
ಒಂಟಿಕಣ್ಣು ಅವರೇ, ಇವತ್ತು ಹೊಡೆಯದೆ ಬರೀ ನೋಡಿದೆ. ರೈಫಲ್ ಎತ್ತಿ, ಕೆನ್ನೆ ಇಟ್ಟು, ಕನ್ನಡಕವನ್ನು ಒಂದು ಬೆರಳಲ್ಲಿ ಮೇಲೆ ತಳ್ಳಿದೆ. ರಿಂಗ್ ತಂತಿಯ ಹಾಗೆ ಕಪ್ಪಗೆ ನಿಂತಿತು, ಗುರಿ ಬೂದಿ ಬಣ್ಣದ ಉಂಡೆ ಆಯಿತು. ಬೆರಳು ಬಿಟ್ಟೆ. ಕನ್ನಡಕ ಜಾರಿತು. ಈಗ ಗುರಿ ಚೊಕ್ಕ, ರಿಂಗ್ ಎರಡೆರಡು. ಮೂರು ತಿಂಗಳು ಇದನ್ನು ನೋಡುತ್ತಲೇ ಇದ್ದೆ, ಗಮನಿಸಿರಲಿಲ್ಲ.
ಡ್ರಾಯರ್‌ನಲ್ಲಿ ಹಳೇ ದೂರದ ಕನ್ನಡಕ ಸಿಕ್ಕಿತು. ನಂಬರ್ ಸರಿ ಇಲ್ಲ, ಆದರೂ ಹಾಕಿ 20 ಶಾಟ್ ಹೊಡೆದೆ. 91, 93. ಎಂಟು ಎರಡೇ. ಎರಡೂ ಎಡಕ್ಕೆ!

ಕಾಗದಹುಲಿ:
ಎಡಕ್ಕೆ ಅಂದರೆ ಟ್ರಿಗರ್. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ.

ಗಾಳಿಗಂಟು:
ಸಂತೋಷ. ಆದರೆ ನಾನು ಕೇಳಬೇಕಿದ್ದದ್ದು ಒಂದು ಉಳಿದಿದೆ. ರೈಫಲ್‌ಗೆ ಗಾಳಿ ಕೊಡೋ ಸಿಲಿಂಡರ್ ಮೇಲೆ ಕೊರೆದ ತಾರೀಖು ಏನು?

ಮರಳಿಬಂದವ:
ಸಿಲಿಂಡರ್ ಚೆನ್ನಾಗಿದೆ, ಗಾಳಿ ಸೋರಲ್ಲ. 200 ಬಾರ್ ತುಂಬಿಸುತ್ತಿದ್ದೇನೆ.

ಗಾಳಿಗಂಟು:
ಸೋರೋದು ಕೇಳಲಿಲ್ಲ. ತಾರೀಖು.

ಮರಳಿಬಂದವ:
2009.

ಗಾಳಿಗಂಟು:
ದಯವಿಟ್ಟು ಇನ್ನು ಒಂದು ಶಾಟ್ ಕೂಡ ಬೇಡ. ಈ ಸಿಲಿಂಡರ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡೋ ಆಯಸ್ಸು 10 ವರ್ಷ. ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ 200 ಬಾರ್ ಕೂತಿದೆ. ಗಾಳಿ ನಿಧಾನಕ್ಕೆ ಬಿಡಿ, ಮತ್ತೆ ತುಂಬಿಸಬೇಡಿ. ಹೊಸ ಸಿಲಿಂಡರ್ ತರಿಸಿ.

ಒಂಬತ್ತೂವರೆ:
ಇದನ್ನು ಮಾತ್ರ ನಾನೂ ಒಪ್ಪುತ್ತೇನೆ. ಸ್ಪರ್ಧೆಯಲ್ಲೂ ತಾರೀಖು ನೋಡುತ್ತಾರೆ.

ಮರಳಿಬಂದವ:
ಗಾಳಿ ಬಿಟ್ಟೆ, ಸಿಲಿಂಡರ್ ಬಿಚ್ಚಿಟ್ಟೆ. ಹೊಸದು ಬರೋದಕ್ಕೆ ತಿಂಗಳಾಗುತ್ತಂತೆ. ಅಲ್ಲಿವರೆಗೆ ಡ್ರೈ ಫೈರ್ (ಪೆಲೆಟ್ ಇಲ್ಲದೆ ಟ್ರಿಗರ್ ಒತ್ತೋದು), ಹಳೇ ಕನ್ನಡಕದಲ್ಲಿ. ರಿಂಗ್ 4.2 ಬಂದಿದೆ, ಗುರಿ ಅದರೊಳಗೆ ನೆಮ್ಮದಿಯಾಗಿ ಕೂತ ಹಾಗೆ ಕಾಣುತ್ತೆ.

ಗಾಳಿಗಂಟು:
ಸಿಲಿಂಡರ್ ಹೇಗೂ ಬಿಚ್ಚಿದ್ದೀರಿ. ಇದೇ ಸಮಯ, ರೆಗ್ಯುಲೇಟರ್ ಓ-ರಿಂಗ್ ಬದಲಾಯಿಸಿಬಿಡಿ.

ಮಿಂಚುಸ್ಟಾಕ್:
ನನ್ನ ಸಿಲಿಂಡರ್ ಕೂಡ ಕೆಂಪು. ಸ್ಟಾಕ್‌ಗೆ ಮ್ಯಾಚಿಂಗ್.