ಎಕ್ಸಿಲೇಟರ್ ತುಳಿದರೂ ರೇಸ್ ಆಗದ ಡೀಸೆಲ್ ಪಿಕಪ್: ಮೊದಲು ಏನು ನೋಡಬೇಕು?

ಬದಿಯಡ್ಕದಿಂದ ಪ್ರಶ್ನೆ:
ಅಡಿಕೆ ಸಾಗಿಸುವ ಕಾಮನ್ ರೈಲ್ ಪಿಕಪ್ (ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಹೈ ಪ್ರೆಶರ್ ಪೈಪಿನಿಂದ ಡೀಸೆಲ್ ಹೋಗುವ ಎಂಜಿನ್). ಸ್ಟಾರ್ಟ್ ಒಂದೇ ಸಲಕ್ಕೆ ಆಗ್ತದೆ, ಐಡಲಿಂಗ್ ಮಾಮೂಲಿಗಿಂತ ಸ್ವಲ್ಪ ಜಾಸ್ತಿ. ಪೆಡಲ್ ಪೂರ್ತಿ ತುಳಿದರೂ ರೇಸ್ ಇಲ್ಲ, ಎಂಜಿನ್ ಲೈಟ್ ಉರಿಯುತ್ತಾ ಉಂಟು. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಸರಿಯಾಗ್ತದೆ. ಗ್ಯಾರೇಜಿನವರು ಡೀಸೆಲ್ ಪಂಪ್ ಇಳಿಸಬೇಕು ಅಂತಾರೆ. ಅನುಭವ ಇದ್ದವರು ಹೇಳಿ.

ಕುಂಬಳೆಯ ಮೆಕ್ಯಾನಿಕ್:
ಪಂಪ್ ಇಳಿಸಲು ಈಗಲೇ ಒಪ್ಪಬೇಡಿ ಮಾರಾಯ್ರೇ. ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ಐಡಲಿಂಗ್ ಏರಿ ಅಲ್ಲೇ ನಿಲ್ಲುವ ಗಾಡಿಯಲ್ಲಿ ನನ್ನ ಸಂಶಯ ಮೊದಲು ಹೋಗುವುದು ಪೆಡಲ್ ಕಡೆಗೆ. ಈ ಗಾಡಿಗಳಲ್ಲಿ ಪೆಡಲಿನಿಂದ ಪಂಪಿಗೆ ಕೇಬಲ್ ಇಲ್ಲ. ಪೆಡಲಿನೊಳಗೆ ಎರಡು ಸೆನ್ಸರ್ ಉಂಟು. ಎರಡೂ ಬೇರೆ ಬೇರೆ ವೋಲ್ಟೇಜ್ ಕಳಿಸ್ತವೆ, ಹೆಚ್ಚಿನ ಗಾಡಿಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟು. ಆ ಲೆಕ್ಕ ತಾಳೆಯಾಗದಿದ್ದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಪೆಡಲನ್ನು ನಂಬುವುದೇ ಇಲ್ಲ. ಗಾಡಿ ತಾನಾಗಿ ನುಗ್ಗಬಾರದಲ್ಲ! ಐಡಲಿಂಗ್ ಸ್ವಲ್ಪ ಏರಿಸಿ, ನಿಧಾನಕ್ಕೆ ಮನೆ ಸೇರುವಷ್ಟು ಮಾತ್ರ ಬಿಡ್ತದೆ.

ಇಸಿಯು ಓದುವ ಸ್ಕ್ಯಾನರ್ ಹಾಕಿಸಿ. ಅದು ತೋರಿಸುವ ದೋಷದ ಕೋಡ್ ಓದಿ ಅಷ್ಟಕ್ಕೇ ಬಿಡಬೇಡಿ, ಲೈವ್ ಡೇಟಾ (ಆ ಹೊತ್ತಿಗೆ ಸೆನ್ಸರ್ ಕಳಿಸುವ ಅಂಕಿ) ನೋಡಿ. ಎಂಜಿನ್ ಆಫ್, ಕೀ ಆನ್ ಇಟ್ಟು ಪೆಡಲನ್ನು ಮೆಲ್ಲ ಮೆಲ್ಲ ತುಳಿದರೆ, ಪೆಡಲಿನ ಅಂಕಿ ಶೇಕಡಾ 0ಯಿಂದ 100ರ ಹತ್ತಿರದವರೆಗೆ ಎಲ್ಲೂ ಹಾರದೆ ಏರಬೇಕು. ನಡುವೆ ಬಿದ್ದರೆ, ಅಥವಾ ಪಿ2138, ಪಿ2122ರಂಥ ಕೋಡ್ ಇದ್ದರೆ, ಹುಡುಕಬೇಕಾದ್ದು ಪೆಡಲ್, ಸಾಕೆಟ್, ವಯರಿಂಗ್ ಇಷ್ಟರಲ್ಲೇ. ಸಾಕೆಟಿಗೆ 5 ವೋಲ್ಟ್ ಮತ್ತು ಅರ್ತ್ ಸರಿಯಾಗಿ ಬರ್ತಾ ಉಂಟಾ ಅಂತ ಮೀಟರ್ ಹಿಡಿದು ನೋಡಿದ ಮೇಲೆಯೇ ಹೊಸ ಪೆಡಲ್ ತನ್ನಿ.

ಪೆರ್ಲದಿಂದ:
ನಮ್ಮ ಗಾಡಿಗೂ ಮಳೆಗಾಲದಲ್ಲಿ ಹೀಗೆಯೇ ಆಗಿತ್ತು. ಅಡಿಕೆ ಶೆಡ್ಡಿನಲ್ಲಿ ನಿಲ್ಲಿಸುವುದು, ಇಲಿ ವಯರ್ ಕಡಿದು ಒಂದೆರಡು ಎಳೆ ಮಾತ್ರ ಉಳಿದಿತ್ತು. ಹೊಂಡಕ್ಕೆ ಇಳಿದಾಗ ರೇಸ್ ಹೋಗ್ತಿತ್ತು, ಆಫ್ ಮಾಡಿದರೆ ವಾಪಸ್ ಬರ್ತಿತ್ತು. ಸ್ಕ್ಯಾನರ್ ನೋಡುತ್ತಾ ಇನ್ನೊಬ್ಬರ ಹತ್ತಿರ ವಯರ್ ಅಲ್ಲಾಡಿಸಲು ಹೇಳಿ, ಜಾಗ ಸಿಕ್ಕೇ ಸಿಗ್ತದೆ. ಸಾಕೆಟಿನ ಪಿನ್ ಹಸಿರು ಹಿಡಿದಿದೆಯಾ ಅಂತಲೂ ನೋಡಿ.

ಮುಳ್ಳೇರಿಯದಿಂದ:
ಹಿಂದಿನ ಬ್ರೇಕ್ ಲೈಟ್ ಸದಾ ಉರಿಯುತ್ತಾ ಉಂಟಾ? ಬ್ರೇಕ್ ಸ್ವಿಚ್ ಕೆಟ್ಟು, ಎರಡೂ ಪೆಡಲ್ ಒಟ್ಟಿಗೆ ತುಳಿದಂತೆ ಕಂಡರೆ ಕೆಲವು ಮಾಡೆಲ್‌ಗಳಲ್ಲಿ ಇಸಿಯು ರೇಸ್ ಕಡಿಮೆ ಮಾಡ್ತದೆ.

ಕುಂಬಳೆಯ ಮೆಕ್ಯಾನಿಕ್:
ಹೌದು, ಅದೂ ಉಂಟು. ಇದೆಲ್ಲ ಸರಿ ಇದ್ದೂ ರೇಸ್ ಬಾರದಿದ್ದರೆ ಆಗ ಡೀಸೆಲ್ ಕಡೆ ಬನ್ನಿ. ಫಿಲ್ಟರ್, ಅದರ ತಳದಲ್ಲಿ ನಿಂತ ನೀರು ಮೊದಲು. ಆಮೇಲೆ ಇಸಿಯು ಕೇಳಿದ ರೈಲ್ ಪ್ರೆಶರ್ (ಆ ಹೈ ಪ್ರೆಶರ್ ಪೈಪಿನೊಳಗಿನ ಒತ್ತಡ) ಮತ್ತು ನಿಜವಾಗಿ ಬಂದ ಪ್ರೆಶರ್ ಎರಡನ್ನೂ ಸ್ಕ್ಯಾನರಿನಲ್ಲಿ ಹೋಲಿಸಿ. ಬಂದದ್ದು ಕಡಿಮೆಯಿದ್ದರೆ, ಪಿ0087 ಕೋಡ್ ಇದ್ದರೆ, ಎಲ್ಲಾದರೂ ಗಾಳಿ ಎಳೆಯುತ್ತಿರುವ ಡೀಸೆಲ್ ಪೈಪ್, ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲ್), ಪಂಪಿನ ವಾಲ್ವ್ ಪರೀಕ್ಷೆ ಮಾಡಿಸಿ. ಪಂಪ್ ಇಳಿಸುವ ಮಾತು ಅದಾದ ಮೇಲೆ.

ಹಳೆ ಜೀಪಿನಲ್ಲಿ ಮಾಡಿದ ಹಾಗೆ ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪ್ ಮಾತ್ರ ಸಡಿಲಿಸಬೇಡಿ. ಐಡಲಿಂಗಿನಲ್ಲೇ ಅಲ್ಲಿ 200 ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಹೆಚ್ಚು ಪ್ರೆಶರ್ ಇರ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗ್ತದೆ. ಯಾರಿಗಾದರೂ ಹಾಗಾದರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.