ಕಾವು: ಮೊಟ್ಟೆಗೂ ಮರಿಗೂ ಒಂದೇ ಪದ ಸಾಕೇ?

ಗೆಳೆಯರೇ, ನಮಸ್ಕಾರ.

ಕಾವು ಕೂತ ಕೋಳಿಯಿಂದ ಮರಿ ಮಾಡಿಸಿ ಸಾಕುವುದು ಹೇಗೆ ಅಂತ ಹೊಸಬರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅರ್ಧ ದಾರಿಯಲ್ಲಿ ಒಂದು ಪದ ಕಾಲಿಗೆ ತೊಡರಿಕೊಂಡಿದೆ. ಆ ಪದ ‘ಕಾವು’. ಎಲ್ಲರಿಗೂ ಗೊತ್ತಿರುವ ಪದವೇ. ಅದಕ್ಕೇ ನಾನೂ ಯೋಚಿಸದೆ ಬಳಸಿದ್ದೆ.

ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕರಡಿನಲ್ಲಿ ‘ಕೋಳಿ ಮೊಟ್ಟೆಗೆ ಮರಿ ಆಗಲು 21 ದಿನ ಕಾವು ಕೊಡಬೇಕು’ ಅಂತ ಬರೆದಿದ್ದೆ. ಮಾತು ಸರಿಯಾಗಿಯೇ ಇದೆ. ಕರಡು ಓದಿದ ಪರಿಚಯದವರೊಬ್ಬರು ಕಾವುಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟರು. 21ನೇ ದಿನ ಮರಿಗಳು ಬಂದವು. ಕಾವಿನ ಲೆಕ್ಕ ಮುಗಿಯಿತು ಅಂದುಕೊಂಡು ಮರಿಗಳನ್ನು ತೆಗೆದು, ಬಲ್ಬು ಕೂಡ ಇಲ್ಲದ ರಟ್ಟಿನ ಡಬ್ಬಿಗೆ ಬಿಟ್ಟರು. ಬೆಳಗಾಗುವಷ್ಟರಲ್ಲಿ ಅರ್ಧದಷ್ಟು ಮರಿಗಳು ಚಳಿಗೆ ಸತ್ತಿದ್ದವು. ‘21 ದಿನ ಅಂತ ಬರೆದಿತ್ತಲ್ಲ’ ಅಂದರು. ಅವರು ಓದಿದ್ದರಲ್ಲಿ ತಪ್ಪಿಲ್ಲ. ಮೊಟ್ಟೆಗೆ ಬೇಕಾದ ಬಿಸಿ, ಮರಿಗೆ ಬೇಕಾದ ಬಿಸಿ, ಎರಡನ್ನೂ ನಾನು ಒಂದೇ ಪದದಲ್ಲಿ ಹೇಳಲು ಹೊರಟಿದ್ದೆ. ಮೊದಲನೆಯದರ ಲೆಕ್ಕ ಕೊಟ್ಟು ಎರಡನೆಯದನ್ನು ಬಿಟ್ಟಿದ್ದೆ. ಆ ಮರಿಗಳ ನೆನಪು ಇನ್ನೂ ಚುಚ್ಚುತ್ತದೆ. ಹಾಗಾಗಿ ಈ ಪದವನ್ನು ಸರಿಯಾಗಿ ನೋಡೋಣ ಅಂತ ಕೂತೆ.

ನೋಡುತ್ತಾ ಹೋದರೆ ನಮ್ಮ ಆಡುಮಾತು ನಾನು ಅಂದುಕೊಂಡದ್ದಕ್ಕಿಂತ ಚುರುಕಾಗಿದೆ. ‘ಕಾವು’ ಒಂದೇ ಇರುತ್ತದೆ, ಜೊತೆಗೆ ಬರುವ ಕ್ರಿಯಾಪದ ಬದಲಾಗುತ್ತದೆ. ಕೋಳಿ ಕಾವಿಗೆ ಬರುತ್ತದೆ. ಆಮೇಲೆ ಕಾವು ಕೂರುತ್ತದೆ. ಮೊಟ್ಟೆಗೆ ಕಾವು ಕೊಡುತ್ತದೆ. ನಡುವೆ ಎದ್ದು ಹೋದರೆ ಕಾವು ತಪ್ಪುತ್ತದೆ. ನಾವು ಕೂರಿಸಿದರೆ ಕಾವಿಗೆ ಕೂರಿಸಿದೆವು, ಬೇಡ ಅಂತ ತಡೆದರೆ ಕಾವು ಬಿಡಿಸಿದೆವು. ಇವು ಒಂದೊಂದೂ ಬೇರೆ ಬೇರೆ ಸಂಗತಿ.

‘ಕಾವಿಗೆ ಬಂದಿದೆ’ ಅಂದರೆ ಕೋಳಿಯ ಮನಸ್ಸು, ಮೈ ಎರಡೂ ಬದಲಾಗಿವೆ ಅಂತ. ಕೆಳಗೆ ಒಂದು ಮೊಟ್ಟೆ ಇಲ್ಲದಿದ್ದರೂ ಗೂಡು ಬಿಟ್ಟು ಏಳುವುದಿಲ್ಲ. ಕೈ ಹಾಕಿದರೆ ಪುಕ್ಕ ಕೆದರಿಕೊಂಡು ಗುರುಗುಟ್ಟುತ್ತದೆ, ಕುಕ್ಕುತ್ತದೆ. ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ‘ಕಾವು ಕೂತಿದೆ’ ಅಂದರೆ ಕೆಲಸ ಶುರುವಾಗಿದೆ ಅಂತ. ದಿನಕ್ಕೆ ಒಂದೆರಡು ಸಲ ಮಾತ್ರ ಎದ್ದು, ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ, ಓಡೋಡಿ ವಾಪಸ್ಸು ಬಂದು ಕೂರುತ್ತದೆ. ಇದನ್ನು ಬಲ್ಲವರು ಮೊಟ್ಟೆ ಇಡುವ ಮೊದಲು ಒಂದೆರಡು ರಾತ್ರಿ ಕಾದು ನೋಡುತ್ತಾರೆ. ಬಂದದ್ದೆಲ್ಲ ಕೂರುವುದಿಲ್ಲ, ಅಲ್ವಾ?

ವ್ಯಾಕರಣದ ಒಂದು ಸಣ್ಣ ಸೊಗಸು ಇಲ್ಲಿದೆ. ‘ಕಾವಿಗೆ ಕೂತಿದೆ’ ಅನ್ನುವವರೂ ಇದ್ದಾರೆ, ‘ಕಾವು ಕೂತಿದೆ’ ಅನ್ನುವವರೂ ಇದ್ದಾರೆ. ಮೊದಲನೆಯದು ‘ಊಟಕ್ಕೆ ಕೂತ’ ಅನ್ನುವ ಹಾಗೆ. ಎರಡನೆಯದು ‘ಧರಣಿ ಕೂತ’ ಅನ್ನುವ ಹಾಗೆ. ನನ್ನ ಕಿವಿಗೆ ಎರಡನೆಯದರಲ್ಲಿ ಹಟ ಜಾಸ್ತಿ ಕೇಳಿಸುತ್ತದೆ. ಏಳಿಸಿದರೂ ಏಳದ ಕೋಳಿಗೆ ಅದೇ ಹೆಚ್ಚು ಒಪ್ಪುತ್ತದೆ. ಕೈಪಿಡಿಯಲ್ಲಿ ‘ಕಾವು ಕೂತ ಕೋಳಿ’ ಅಂತಲೇ ಇಟ್ಟುಕೊಂಡಿದ್ದೇನೆ.

‘ಮೊಟ್ಟೆ ಇಡು’ ಕೂಡ ಹೀಗೇ ಎರಡು ಕಡೆ ವಾಲುತ್ತದೆ. ‘ಕೋಳಿ ಮೊಟ್ಟೆ ಇಟ್ಟಿತು’ ಅಂದರೆ ಅದು ಹೆತ್ತದ್ದು. ‘ಕೋಳಿಗೆ ಮೊಟ್ಟೆ ಇಟ್ಟೆ’ ಅಂದರೆ ಕಾವು ಕೊಡಲಿ ಅಂತ ನಾನು ಅದರಡಿ ಇಟ್ಟದ್ದು. ಬದಲಾದದ್ದು ಯಾರು ಇಟ್ಟರು ಅನ್ನುವುದು ಮತ್ತು ಒಂದು ‘ಗೆ’, ಅಷ್ಟೇ.

ಇನ್ನು ಪದದ ಬೇರಿನ ವಿಚಾರ. ಕನ್ನಡದಲ್ಲಿ ‘ಕಾಯು’ ಎರಡು ಇವೆ. ಒಂದು ಬಿಸಿಯಾಗುವುದು: ನೀರು ಕಾಯಿತು, ಬಂಡೆ ಕಾದಿದೆ. ಇನ್ನೊಂದು ಕಾಪಾಡುವುದು, ದಾರಿ ನೋಡುವುದು: ಹೊಲ ಕಾದ, ಗೆಳೆಯನಿಗಾಗಿ ಕಾದ. ರೂಪ ಎಷ್ಟು ಬೆರೆತಿದೆ ಎಂದರೆ ‘ಹಾಲು ಕಾಯಿಸು’, ‘ನನ್ನನ್ನು ಕಾಯಿಸಬೇಡ’ ಎರಡಕ್ಕೂ ಒಂದೇ ಕ್ರಿಯಾಪದ ಸಾಕು. ಹಾಗಾದರೆ ಕೋಳಿಯ ‘ಕಾವು’ ಯಾವ ‘ಕಾಯು’ವಿನದು? ಕೋಳಿ ಮೊಟ್ಟೆಯನ್ನು ಬಿಸಿ ಮಾಡುತ್ತದೆ, ಕಾವಲು ಕಾಯುತ್ತದೆ, 21 ದಿನ ದಾರಿಯನ್ನೂ ನೋಡುತ್ತದೆ. ಮೂರೂ ಒಂದೇ ಕಡೆ ಬಂದು ಕೂತ ಹಾಗಿದೆ. ಒಂದೇ ಬೇರು ಅಂತ ಹೇಳಿಬಿಡಲು ನನಗೂ ಆಸೆಯಾಯಿತು.

ಆದರೆ ಅದು ಸರಿಯಲ್ಲ. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ಕೋಶ ಬಿಸಿಯ ‘ಕಾಯ್’ ಮತ್ತು ಕಾಪಿನ ‘ಕಾ’ ಎರಡನ್ನೂ ಬೇರೆ ಬೇರೆ ಗುಂಪಿನಲ್ಲಿ ಇಟ್ಟಿದೆ. ಬಳಕೆಯೂ ಅದನ್ನೇ ಹೇಳುತ್ತದೆ. ‘ಮೊಟ್ಟೆಗೆ ಕಾವು ತಾಗಲಿಲ್ಲ’ ಅನ್ನುತ್ತೇವೆ. ತಾಗುವುದು ಬಿಸಿ, ಕಾವಲು ತಾಗುವುದಿಲ್ಲ. ‘ಬಲ್ಬಿನ ಕಾವು’ ಅನ್ನುತ್ತೇವೆ. ಬಲ್ಬು ಯಾರನ್ನೂ ಕಾಯುವುದಿಲ್ಲ. ‘ಚರ್ಚೆಯ ಕಾವು ಏರಿತು’ ಅನ್ನುವುದೂ ಇದೇ ಬಿಸಿ. ಕಾಪಿನ ಕಡೆಯಿಂದ ಬಂದ ಹೆಸರುಗಳು ಬೇರೆ ಇವೆ: ಕಾಪು, ಕಾವಲು. (ಗಾದೆಯಲ್ಲಿ ಬರುವ ಕೊಡಲಿಯ ಕಾವು ಇವೆರಡೂ ಅಲ್ಲ. ಅದು ಹಿಡಿ.)

ತಮಿಳಿನವರು ಇದೇ ಕೆಲಸಕ್ಕೆ ‘ಅಡೈಕಾತ್ತಲ್’ ಅನ್ನುತ್ತಾರೆ. ಅಲ್ಲಿರುವುದು ಕಾಪಾಡುವ ‘ಕಾ’. ತೆಲುಗಿನವರದು ‘ಪೊದುಗು’, ಅದರ ದಾರಿಯೇ ಬೇರೆ. ಅಂದರೆ ಒಂದೇ ಗೂಡಿನ ಮುಂದೆ ನಿಂತು ತಮಿಳು ಕಾವಲನ್ನು ಕಂಡಿತು, ಕನ್ನಡ ಬಿಸಿಯನ್ನು ಕಂಡಿತು. ನಮ್ಮ ಕಣ್ಣೂ ಸರಿಯಾಗಿಯೇ ಕಂಡಿದೆ. ಕಾವು ಕೂತ ಕೋಳಿಯ ಹೊಟ್ಟೆಯಡಿ ಪುಕ್ಕ ಉದುರಿ ಬರೀ ಚರ್ಮ ಉಳಿದಿರುತ್ತದೆ. ಅಲ್ಲಿ ರಕ್ತದ ಓಡಾಟ ಜಾಸ್ತಿ. ಮುಟ್ಟಿದರೆ ಕೈಗೆ ಬೆಚ್ಚಗೆ ತಾಗುತ್ತದೆ. ಆ ಚರ್ಮವೇ ನೇರವಾಗಿ ಮೊಟ್ಟೆಗೆ ತಾಗಿ ಅದನ್ನು ಸುಮಾರು 37, 38 ಡಿಗ್ರಿಯಲ್ಲಿ ಇಡುತ್ತದೆ.

ಒಂದು ಗೊಂದಲ ಇಲ್ಲೇ ಕಳೆದುಬಿಡಬೇಕು. ‘ಕಾವಿಗೆ ಬಂದ ಕೋಳಿ’ ಅಂದರೆ ‘ಬೆದೆಗೆ ಬಂದ ಹಸು’ ಅನ್ನುವ ಹಾಗೆಯೇ ಅಂತ ಒಬ್ಬ ಹುಡುಗ ತಿಳಿದುಕೊಂಡಿದ್ದ. ‘ಬಿಸಿ’, ‘ಬರುವುದು’ ಎರಡೂ ಇದ್ದದ್ದಕ್ಕೆ ಹಾಗನ್ನಿಸಿರಬೇಕು. ಅರ್ಥ ಪೂರ್ತಿ ಉಲ್ಟಾ. ಬೆದೆಗೆ ಬಂದ ಹಸುವಿಗೆ ಹೋರಿ ಬೇಕು. ಕಾವಿಗೆ ಬಂದ ಕೋಳಿಗೆ ಹುಂಜ ಬೇಡ, ಮೊಟ್ಟೆ ಬೇಕು.

ಮರಿ ಹೊರಗೆ ಬರುವುದಕ್ಕೆ ಏನನ್ನಬೇಕು ಅನ್ನುವುದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ‘ಕೋಳಿ ಮರಿ ಹಾಕಿತು’ ಬೇಡ. ಮರಿ ಹಾಕುವುದು ಬೆಕ್ಕು, ನಾಯಿ, ಆಡು. ಕೋಳಿ ಮರಿ ಮಾಡುತ್ತದೆ. ‘ಹನ್ನೆರಡು ಮೊಟ್ಟೆ ಇಟ್ಟಿದ್ದೆ, ಹತ್ತು ಮರಿ ಮಾಡಿತು’ ಅನ್ನುವುದು ಸೊಗಸಾದ ಕನ್ನಡ. ‘ಮಾಡು’ವಿನಲ್ಲಿ ಕೋಳಿಯ ದುಡಿಮೆ ಇದೆ. ಮೊಟ್ಟೆಯನ್ನು ಹಿಡಿದು ಮಾತಾಡುವಾಗ ‘ಮೊಟ್ಟೆ ಒಡೆಯಿತು’ ಅನ್ನುವುದು ಮಾತ್ರ ತೊಂದರೆ. ಕೈ ಜಾರಿ ಬಿದ್ದರೂ ಅದು ಒಡೆಯುವುದೇ. ‘ಬಿರಿಯಿತು’ ಅಂದರೆ ಹೇಗೆ? ಮೊಗ್ಗು ಬಿರಿಯುತ್ತದೆ, ಒಳಗಿನಿಂದ. ಮೊಟ್ಟೆಯೂ ಹಾಗೇ ಅಲ್ವಾ? ಮರಿ ಕೊಕ್ಕಿನ ತುದಿಯ ಸಣ್ಣ ಮುಳ್ಳಿನಿಂದ ಚಿಪ್ಪಿಗೆ ಮೊದಲು ಒಂದು ತೂತು ಮಾಡುತ್ತದೆ. ಆಮೇಲೆ ಗಂಟೆಗಟ್ಟಲೆ ಸುಮ್ನೆ ಇರುತ್ತದೆ. ಹೊಸಬರು ಇಲ್ಲೇ ಗಾಬರಿಯಾಗಿ ಚಿಪ್ಪು ಸುಲಿಯಲು ಹೋಗುತ್ತಾರೆ. ಸುಲಿಯಬಾರದು. ಆ ಹೊತ್ತಿನಲ್ಲಿ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಆಮೇಲೆ ಸುತ್ತ ತಿರುಗುತ್ತಾ ಚಿಪ್ಪು ಕೊರೆದು ಹೊರಗೆ ಬರುತ್ತದೆ. ತೂತು ಬಿದ್ದ ಮೇಲೆ ಪೂರ್ತಿ ಹೊರಬರಲು ಅರ್ಧ ದಿನದಿಂದ ಒಂದು ದಿನ ಹಿಡಿಯಬಹುದು. ‘ಬಿರಿ’ಯಲ್ಲಿ ಆ ನಿಧಾನವೂ ಇದೆ. ಅದಕ್ಕೇ ಅದು ನನಗೆ ಇಷ್ಟ.

ಜೀವ ಕಟ್ಟದ ಮೊಟ್ಟೆಗೆ ‘ಬರಡು ಮೊಟ್ಟೆ’ ಸಾಕು ಅನ್ನಿಸುತ್ತದೆ. ‘ಹೇಂಟೆ’ ‘ಹೆಣ್ಣು’ ಬಳಗದ ಹಳೆಯ ಪದ, ಆದರೆ ಈಗಿನ ಎಳೆಯರಿಗೆ ‘ಕೋಳಿ’ಯೇ ಬೇಗ ಗೊತ್ತಾಗುತ್ತದೆ. ‘ತತ್ತಿ’ ಬೇಕೋ ‘ಮೊಟ್ಟೆ’ ಬೇಕೋ ಅನ್ನುವುದು ಅವರವರ ಮನೆಮಾತಿಗೆ ಬಿಟ್ಟದ್ದು.

‘ಒಂದೇ ಕಾವಿನ ಮರಿಗಳು’ ಅನ್ನುವ ಮಾತನ್ನು ಮಾತ್ರ ಕೈಪಿಡಿಯಲ್ಲಿ ಧೈರ್ಯವಾಗಿ ಬಳಸಿದ್ದೇನೆ. ದಿನಕ್ಕೊಂದರಂತೆ ಹತ್ತು ದಿನ ಕೂಡಿಟ್ಟ ಮೊಟ್ಟೆಗಳನ್ನು ಒಟ್ಟಿಗೆ ಕಾವಿಗೆ ಇಟ್ಟರೆ ಮರಿಗಳು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಕಾವು ತಾಗುವವರೆಗೆ ಒಳಗಿನ ಜೀವ ಬೆಳೆಯದೆ ತಡೆದುಕೊಂಡಿರುತ್ತದೆ. ಮೊಟ್ಟೆ ಮೂರು ಬೇರೆ ಕೋಳಿಗಳದ್ದಾಗಿರಬಹುದು. ಆದರೂ ಆ ಮರಿಗಳು ಒಟ್ಟಿಗೆ ಬೆಳೆಯುತ್ತವೆ, ಒಬ್ಬಳೇ ತಾಯಿಯ ಹಿಂದೆ ಓಡುತ್ತವೆ. ಅವನ್ನು ಒಡಹುಟ್ಟಿದವು ಅನ್ನಲಾಗದು. ಒಂದೇ ಕಾವಿನವು ಅನ್ನಬಹುದು.

ಈಗ ನನ್ನ ನಿಜವಾದ ಪ್ರಶ್ನೆ. ಮೊಟ್ಟೆ ಬಿರಿದ ಮೇಲೆ ತಾಯಿ ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡು ಬೆಚ್ಚಗಿಡುತ್ತದಲ್ಲ, ಆ ಬಿಸಿಗೆ ಏನನ್ನಬೇಕು? ಅದು ಮೊಟ್ಟೆಯ ಕಾವಿನಂಥದ್ದಲ್ಲ. ಮೊಟ್ಟೆಗೆ ಬಿಸಿ ಒಂದೇ ಸಮ ಬೇಕು. ಮರಿಗೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗಬೇಕು. ತಾಯಿ ಇಲ್ಲದಿದ್ದರೆ ಬಲ್ಬಿನಡಿ ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಸುತ್ತಾರೆ, ಪುಕ್ಕ ಬಲಿಯುವವರೆಗೆ. ತಾಯಿ ಇದ್ದರೆ ಈ ಲೆಕ್ಕವೇ ಬೇಡ. ಚಳಿಯಾದ ಮರಿ ಚಿಂವ್ ಚಿಂವ್ ಅಂತ ಬಂದು ನುಗ್ಗುತ್ತದೆ, ಸೆಕೆಯಾದ ಮರಿ ರೆಕ್ಕೆಯ ಸಂದಿಯಿಂದ ತಲೆ ಹೊರಗೆ ಹಾಕುತ್ತದೆ.

ತಾಯಿಯ ಕೆಲಸಕ್ಕೆ ನನಗೆ ಹೊಳೆದ ಕ್ರಿಯಾಪದ ‘ಅವುಚು’. ‘ಕೋಳಿ ಮರಿಗಳನ್ನು ಅವುಚಿಕೊಂಡು ಕೂತಿದೆ’ ಅಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಅದರಲ್ಲಿ ಅಪ್ಪುಗೆಯೂ ಇದೆ, ಮರೆಯೂ ಇದೆ. ಆದರೆ ಬಲ್ಬು ಅವುಚುವುದಿಲ್ಲ. ಹೆಸರುಪದ ಬೇಕಾದಾಗ ‘ಮರಿಗಾವು’ ಅನ್ನಬಹುದೇ? ಮರಿ, ಕಾವು ಸೇರಿದರೆ ‘ಕ’ ‘ಗ’ ಆಗುವುದು ನಮ್ಮ ನುಡಿಗೆ ಸಹಜ. ‘ರೆಕ್ಕೆಗಾವು’ ಇನ್ನೂ ಚೆಂದ, ಆದರೆ ಅದೂ ಬಲ್ಬಿಗೆ ಒಗ್ಗದು. ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘ಮೊಟ್ಟೆಗೆ 21 ದಿನ ಕಾವು ಬೇಕು. ಮರಿ ಆದ ಮೇಲೆ ಮರಿಗಾವು ಶುರು. ತಾಯಿ ಇದ್ದರೆ ಅದೇ ಅವುಚಿಕೊಳ್ಳುತ್ತದೆ, ಇಲ್ಲದಿದ್ದರೆ ಬಲ್ಬು ಹಾಕಿ.’ ಇದನ್ನು ಓದಿದವರು ಮರಿಗಳನ್ನು ಚಳಿಗೆ ಬಿಡಲಾರರು ಅಂದುಕೊಂಡಿದ್ದೇನೆ.

ಆದರೂ ಹೊಸ ಪದ ಕಟ್ಟುವ ಮೊದಲು ಇರುವ ಪದವನ್ನು ಕೇಳಬೇಕು. ಕೋಳಿ ಸಾಕಿದ ಮನೆಗಳಲ್ಲಿ ಇದಕ್ಕೊಂದು ಮಾತು ಇದ್ದೇ ಇರಬೇಕು. ಸಂಜೆ ಹೊತ್ತು ತಾಯಿ ಕೊಕ್ ಕೊಕ್ ಅಂತ ಕರೆದು, ಮರಿಗಳೆಲ್ಲ ಒಳಗೆ ಸೇರಿ, ಹೊರಗೆ ಬರೀ ಕಾಲುಗಳು ಕಾಣುವಾಗ ನಿಮ್ಮ ಅಜ್ಜಿ ಅದನ್ನು ನೋಡಿ ಏನನ್ನುತ್ತಿದ್ದರು?