ಅಪ್‌ಡೇಟ್: ರಾತ್ರಿ ಮಂಕಾಗಿದ್ದ ದೂರದ ಎಎಂ ಸ್ಟೇಷನ್

ಹೋದ ಸಲ ಕೇಳಿದ್ದೆನಲ್ಲ, ವರ್ಷಗಟ್ಟಲೆ ರಾತ್ರಿ ಚೆನ್ನಾಗಿ ಬರುತ್ತಿದ್ದ ದೂರದ ಎಎಂ ಸ್ಟೇಷನ್ ಈಗ ಯಾಕೆ ಕ್ಷೀಣಿಸುತ್ತಿದೆ ಅಂತ. ಮೊದಲು ಮನೆಯೊಳಗಿನ ವಿದ್ಯುತ್ ಉಪಕರಣಗಳು ರೇಡಿಯೋದಲ್ಲಿ ಎಬ್ಬಿಸುವ ಗದ್ದಲ ನೋಡಿ ಅಂದಿದ್ದಿರಿ. ನೋಡಿದೆ.

ರೇಡಿಯೋಗೆ ಬ್ಯಾಟರಿ ಹಾಕಿ ಮೇನ್ ಸ್ವಿಚ್ ಆಫ್ ಮಾಡಿದೆ. ಗರ್ ಅನ್ನುವ ಸದ್ದು ತಟ್ಟನೆ ಇಳಿಯಿತು! ಒಂದೊಂದೇ ಆನ್ ಮಾಡುತ್ತಾ ಹೋದಾಗ ಸಿಕ್ಕಿಬಿದ್ದದ್ದು ಒಂದು ಎಲ್‌ಇಡಿ ಬಲ್ಬು, ಒಂದು ಮೊಬೈಲ್ ಚಾರ್ಜರ್. ಎರಡನ್ನೂ ಬದಲಿಸಿದೆ. ರೇಡಿಯೋವನ್ನು ಸುಮ್ನೆ ತಿರುಗಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಸ್ಟೇಷನ್ ಕಡೆಗಿದ್ದರೆ ದನಿ ಉಡುಗುತ್ತದೆ, ಅಡ್ಡಲಾಗಿದ್ದರೆ ಏಳುತ್ತದೆ.

ಆದರೆ ಪೂರ್ತಿ ಸರಿಹೋಗಿಲ್ಲ. ಬಯಲಿಗೆ ಒಯ್ದರೂ ಹಳೆಯ ಗಟ್ಟಿ ದನಿ ಇಲ್ಲ. ಸೂರ್ಯನ ಚಟುವಟಿಕೆ ಜಾಸ್ತಿಯಾಗಿದೆ ಅಂತ ಕೆಲವರು ಹೇಳಿದ್ದಿರಿ. ಸೂರ್ಯ ಗರಿಷ್ಠ ಹಂತ ಮುಟ್ಟಿದ್ದಾನೆ ಎಂದು ನಾಸಾ ಕೂಡ 2024ರ ಅಕ್ಟೋಬರ್‌ನಲ್ಲಿ ಹೇಳಿತ್ತು. ಸೂರ್ಯನಿಂದಾಗಿ ಭೂಮಿಯ ಕಾಂತಕ್ಷೇತ್ರ ಕದಡುವ ಕಾಂತೀಯ ಬಿರುಗಾಳಿ ಎದ್ದ ರಾತ್ರಿ ದನಿ ಮಂಕಾಗಬಹುದು, ಒಪ್ಪುತ್ತೇನೆ. ಆದರೆ ಅದೇ ದಿಕ್ಕಿನ, ಹೆಚ್ಚುಕಡಿಮೆ ಅಷ್ಟೇ ದೂರದ ಇನ್ನೊಂದು ಸ್ಟೇಷನ್ ಮೊದಲಿನಂತೆಯೇ ಬರುತ್ತಿದೆ. ಎರಡೂ ಅದೇ ಅಯಾನುಗೋಳದಿಂದ, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶದ ಪದರದಿಂದ, ಪುಟಿದು ಬರುವಂಥವು, ಅಲ್ವಾ? ಮಂಕಾದ ಸ್ಟೇಷನ್‌ನವರು ರಾತ್ರಿ ಪ್ರಸಾರದ ಪವರ್ ಇಳಿಸಿದ್ದಾರೆ ಅಂತಲೇ ನನಗನ್ನಿಸುತ್ತದೆ. ಸ್ಟೇಷನ್‌ಗೆ ಪತ್ರ ಬರೆದು ಕೇಳಿದ್ದೇನೆ.

ನಿನ್ನೆ ಹನ್ನೊಂದರ ವಾರ್ತೆ ಕೊನೆಯವರೆಗೂ ಕೇಳಿಸಿತು. ತುಂಬಾ ಖುಷಿಯಾಯಿತು.